ಒಂದು ಜೋಕ್ ಹೇಳು ನೋಡೋಣ

ಬರೋ ಸೋಮವಾರದಿಂದ ನನ್ನ ರೂಮ್‌ಮೇಟ್ ಮತ್ತೆ ಕೆಲಸಕ್ಕೆ ಹೋಗ್ತಿದ್ದಾನೆ. ಅದೇ ಔಟರ್ ರಿಂಗ್ ರೋಡು, ಅದೇ ಕೊರಳಿಗೆ ನೇತಾಡೋ ಐಡಿ ಕಾರ್ಡು, ಅದೇ ಜಾವಾ. ಎರಡು ವರ್ಷದ ಹಿಂದೆ ರಾಜೀನಾಮೆ ಬಿಸಾಕಿ "ಇನ್ಮೇಲೆ ಫುಲ್ ಟೈಮ್ ಕಾಮಿಡಿ" ಅಂತ ಮನೆಗೆ ಬಂದಿದ್ದ ಮಹಾನುಭಾವ. ಅವತ್ತು "ಮಚ್ಚಾ, ನಿನ್ನಂಥ ಧೈರ್ಯ ನಮಗಿಲ್ಲ ಕಣೋ" ಅಂತ ಅವನ ತಲೆ ಮೇಲೆ ಬಿಯರ್ ಸುರಿದಿದ್ದ ಕಾಲೇಜ್ ಗ್ಯಾಂಗೇ ಈಗ ವಾಟ್ಸಾಪ್ ಗ್ರೂಪಿನಲ್ಲಿ ಶುರು ಮಾಡಿದೆ. "ನಾವು ಅವತ್ತೇ ಹೇಳಿದ್ವಿ." ಯಾವತ್ತು ಹೇಳಿದ್ರಪ್ಪಾ? ನಾನು ಪೂರ್ತಿ ಚಾಟ್ ಸ್ಕ್ರಾಲ್ ಮಾಡಿ ನೋಡಿದೆ. ಯಾರೂ ಹೇಳಿಲ್ಲ.

ಸಿಟ್ಟು ಬಂದು ಬರೀತಿದ್ದೀನಿ. ಆಫೀಸಿನಲ್ಲಿ ಕೂತು ಬರೀತಿದ್ದೀನಿ ಅನ್ನೋದು ಬೇರೆ ವಿಷಯ :)

ಮೊದಲು ನನ್ನ ಪಾತ್ರ ಏನು ಅಂತ ಹೇಳಿಬಿಡ್ತೀನಿ. ನಾನೂ ತಿಂಗಳಿಗೆ ಎರಡು ಮೂರು ಸಲ ಮೈಕ್ ಹಿಡೀತೀನಿ. ಹವ್ಯಾಸ ಅಷ್ಟೆ. ಕೆಲಸ ಬಿಡೋ ಧೈರ್ಯ ಯಾವತ್ತೂ ಮಾಡಿಲ್ಲ, ಮಾಡೋದೂ ಇಲ್ಲ ಅನ್ಸುತ್ತೆ. ಆದ್ರೆ ಈ ಎರಡು ವರ್ಷ ಒಂದೇ ಮನೆಯಲ್ಲಿದ್ದು ಅವನ ಕಸುಬನ್ನ ಹತ್ತಿರದಿಂದ ನೋಡಿದ್ದೀನಿ. ಆದ್ದರಿಂದ ಮಾತಾಡೋ ಹಕ್ಕು ಸ್ವಲ್ಪ ಇದೆ ಅಂದ್ಕೊಂಡಿದ್ದೀನಿ.

ಸ್ಟ್ಯಾಂಡ್ ಅಪ್ ಮಾಡ್ತೀನಿ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ. "ಹೌದಾ? ಒಂದು ಜೋಕ್ ಹೇಳು ನೋಡೋಣ." ಸಾಫ್ಟ್‌ವೇರ್ ಅಂದ ತಕ್ಷಣ ಚಿಕ್ಕಪ್ಪ ಪ್ರಿಂಟರ್ ತಂದು ಮುಂದೆ ಇಡ್ತಾರಲ್ಲ, ಆ ಥರ. ಮದುವೆ ಮನೆ ಪಂಕ್ತಿಯಲ್ಲಿ ಪಾಯಸ ಬಡಿಸ್ತಾ ಬಡಿಸ್ತಾ ಕೇಳಿದವರಿದ್ದಾರೆ. ಹೇಳಿದ್ರೆ ನಗಲ್ಲ, ಹೇಳದಿದ್ರೆ "ಇವನೇನು ಕಾಮಿಡಿ ಮಾಡ್ತಾನೆ" ಅಂತಾರೆ. ಇದರ ಹಿಂದಿರೋ ನಂಬಿಕೆ ಏನು ಅಂದ್ರೆ, ನಗಿಸೋದು ಒಂದು ಗುಣ, ಹುಟ್ಟಿನಿಂದ ಬರುತ್ತೆ, ಕೆಲವರಿಗೆ ಇರುತ್ತೆ ಕೆಲವರಿಗೆ ಇಲ್ಲ. ಕಾಲೇಜಿನಲ್ಲಿ ಕೊನೇ ಬೆಂಚಿನ ತರ್ಲೆ ಎಲ್ಲರನ್ನೂ ನಗಿಸ್ತಿದ್ದ, ಅವನನ್ನ ಸ್ಟೇಜ್ ಮೇಲೆ ನಿಲ್ಸಿದ್ರೆ ಆಯ್ತು!

ನಾನೂ ಹಂಗೇ ಅಂದ್ಕೊಂಡು ಹೋದವನೇ. ಇಂದಿರಾನಗರದ ಕಡೆ ಒಂದು ಕೆಫೆ, ಮಹಡಿ ಮೇಲೆ. ಪ್ಲಾಸ್ಟಿಕ್ ಕುರ್ಚಿ. ಹದಿನಾಲ್ಕು ಜನ ಇದ್ರು, ಅದರಲ್ಲಿ ಹನ್ನೊಂದು ಜನ ತಮ್ಮ ಸರದಿಗೆ ಕಾಯ್ತಿರೋ ಕಾಮಿಡಿಯನ್ನುಗಳು. ಇವರು ನಗಲ್ಲ. ತಮ್ಮ ನೋಟ್‌ಬುಕ್ ನೋಡ್ಕೋತಿರ್ತಾರೆ. ಉಳಿದ ಮೂವರಲ್ಲಿ ಒಬ್ಬ ನನ್ನ ರೂಮ್‌ಮೇಟು. ನನಗೆ ಕೊಟ್ಟಿದ್ದು ಐದು ನಿಮಿಷ. ಮನೆಯಲ್ಲಿ ಟೈಮರ್ ಇಟ್ಕೊಂಡು ಹತ್ತು ಸಲ ಹೇಳಿ ಸರಿಯಾಗಿ ಐದು ನಿಮಿಷಕ್ಕೆ ಕೂರಿಸಿದ್ದೆ. ಸ್ಟೇಜ್ ಮೇಲೆ ಮೂರೂ ಕಾಲು ನಿಮಿಷಕ್ಕೆ ಮುಗಿದುಹೋಯ್ತು. ಯಾಕೆ ಅಂತ ಇಳಿದ ಮೇಲೆ ಹೊಳೀತು. ಜನ ನಗೋದಕ್ಕೆ ಅಂತ ಮಧ್ಯೆ ಮಧ್ಯೆ ಬಜೆಟ್ ಇಟ್ಟಿದ್ದೆ, ಆ ಬಜೆಟ್ ಖರ್ಚೇ ಆಗ್ಲಿಲ್ಲ. ಕೆಳಗಡೆ ಕಾಫಿ ಮಷೀನು ಬುಸ್ ಅನ್ನೋದು ಸ್ಪಷ್ಟವಾಗಿ ಕೇಳಿಸ್ತಿತ್ತು. ಆ ಸದ್ದು ಈಗಲೂ ಕೇಳಿದ್ರೆ ಕಿವಿ ಬಿಸಿ ಆಗುತ್ತೆ.

ನಮ್ಮ ವೃತ್ತಿಯವರಿಗೆ ಅರ್ಥ ಆಗೋ ಹಾಗೆ ಹೇಳ್ಬೇಕು ಅಂದ್ರೆ, ಜೋಕಿಗೆ ಟೆಸ್ಟ್ ಸರ್ವರ್ ಇಲ್ಲ. ಕೋಡ್ ತಪ್ಪಾದ್ರೆ ರಾತ್ರಿ ಒಬ್ಬನೇ ಕೂತು ಯಾರಿಗೂ ಗೊತ್ತಾಗದ ಹಾಗೆ ಸರಿ ಮಾಡಬಹುದು. ಜೋಕ್ ತಪ್ಪಾಗಿದೆ ಅಂತ ಗೊತ್ತಾಗೋದೇ ಜನರ ಮುಂದೆ. ಮನೆಯಲ್ಲಿ ಕನ್ನಡಿ ಮುಂದೆ ಹೇಳಿಕೊಂಡಿದ್ದಕ್ಕೆ ಬೆಲೆ ಇಲ್ಲ. ನೇರ ಪ್ರೊಡಕ್ಷನ್.. ಅದೂ ಲಾಗ್ ಫೈಲ್ ಇಲ್ಲದ ಪ್ರೊಡಕ್ಷನ್. ಯಾಕೆ ನಗಲಿಲ್ಲ ಅಂತ ಯಾರೂ ಹೇಳಲ್ಲ. ಹಾಲ್ ದೊಡ್ಡದಾಗಿತ್ತಾ, ಎಸಿ ಜಾಸ್ತಿ ಇತ್ತಾ, ಮುಂದಿನ ಸಾಲು ಖಾಲಿ ಇತ್ತಾ, ನಿಮ್ಮ ಹಿಂದಿನವನು ಅಪ್ಪ ಸತ್ತ ಕಥೆ ಹೇಳಿ ಹೋಗಿದ್ನಾ, ಅಥವಾ ಜೋಕೇ ಚೆನ್ನಾಗಿಲ್ವಾ? ನೂರು ಕುರ್ಚಿಯ ಹಾಲ್‌ನಲ್ಲಿ ಹನ್ನೆರಡು ಜನ ಚೆದುರಿ ಕೂತ್ರೆ ದೇವರು ಬಂದು ಹೇಳಿದ್ರೂ ನಗು ಹತ್ಕೊಳಲ್ಲ. ಅದೇ ಹನ್ನೆರಡು ಜನರನ್ನ ಭುಜಕ್ಕೆ ಭುಜ ತಾಗೋ ಹಾಗೆ ಕೂರಿಸಿ, ಮೇಲಿನ ಲೈಟ್ ಆರಿಸಿ ನೋಡಿ. ಒಬ್ಬ ನಕ್ಕರೆ ಪಕ್ಕದವನಿಗೂ ಅಂಟುತ್ತೆ.

ನನ್ನದೊಂದು ಜೋಕಿನ ಕಥೆ ಹೇಳ್ತೀನಿ. ದೊಡ್ಡ ಜೋಕೇನಲ್ಲ. ಊರಲ್ಲಿ ಅಪ್ಪ ಕೇಳಿದ್ರು ಏನು ಕೆಲಸ ಅಂತ, ನಾನು ಕ್ಲೌಡ್ ಅಂದೆ, ಅಪ್ಪ ಹಾಗಾದ್ರೆ ಮಳೆ ಯಾವಾಗ ಅಂತ ಕೇಳಿದ್ರು. ಇಷ್ಟೇ. ಮೊದಲನೇ ಸಲ ಹೇಳಿದಾಗ ಕ್ಲೌಡ್ ಕಂಪ್ಯೂಟಿಂಗ್ ಅಂದ್ರೇನು ಅಂತಲೇ ಒಂದು ನಿಮಿಷ ವಿವರಿಸಿದ್ದೆ, ಇಂಜಿನಿಯರ್ ಬುದ್ಧಿ. ಸ್ಮಶಾನ ಮೌನ. ಎರಡನೇ ವಾರ ವಿವರಣೆ ಕತ್ತರಿಸಿದೆ. ಒಬ್ಬ ಮೂಗಿನಲ್ಲಿ ನಕ್ಕ. ಮೂರು, ನಾಲ್ಕು, ಐದು.. ಅಷ್ಟೇ, ಮೂಗಿನಲ್ಲಿ. ಆಮೇಲೆ ರೂಮ್‌ಮೇಟ್ ರೆಕಾರ್ಡಿಂಗ್ ಕೇಳಿ ಹೇಳಿದ, "ನಿನ್ನ ಜೋಕಿಗೆ ಬಾಲ ಇದೆ ಕಣೋ."

ಏನು ಬಾಲ ಅಂದ್ರೆ, ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ ಅಂತ ಹೈಸ್ಕೂಲಿನಲ್ಲಿ ಓದಿದ್ವಲ್ಲ, ಅದು. "ಮಳೆ ಯಾವಾಗ ಅಂತ ಕೇಳಿದ್ರು." ನಗು ಹುಟ್ಟಬೇಕಾದ್ದು "ಮಳೆ" ಅನ್ನೋ ಜಾಗದಲ್ಲಿ. ಆದ್ರೆ ನಾನಿನ್ನೂ "ಅಂತ ಕೇಳಿದ್ರು" ಅಂತ ಎಳೀತಿದ್ದೀನಿ. ಜನ ನಗೋಣ ಅಂತ ಬಾಯಿ ತೆಗೆದವರು ಇವನು ಇನ್ನೂ ಮುಗಿಸಿಲ್ಲ ಅಂತ ಮರ್ಯಾದೆಯಿಂದ ಬಾಯಿ ಮುಚ್ಚಿಕೊಳ್ತಿದ್ರು. ಇಂಗ್ಲಿಷಿನಲ್ಲಿ ಬರೆದ ಕಾಮಿಡಿ ಪಾಠ ಓದಿದ್ರೆ "ಮುಖ್ಯ ಪದ ಕೊನೆಗೆ ಇಡಿ" ಅಂತ ಸುಲಭವಾಗಿ ಹೇಳಿಬಿಡ್ತಾರೆ. ಅವರ ಭಾಷೆಯಲ್ಲಿ ಆಗುತ್ತೆ. ನಮ್ಮದರಲ್ಲಿ ಮಾಡ್ಬೇಕು ಅಂದ್ರೆ ವಾಕ್ಯ ಒಡೀಬೇಕು. ಅಪ್ಪನ ಥರ ಟವಲ್ ಹೆಗಲಿಗೆ ಹಾಕ್ಕೊಂಡು, ಒಂದು ಕ್ಷಣ ಆಕಾಶ ನೋಡಿ, ಅಪ್ಪನ ದನಿಯಲ್ಲೇ, "ಹಂಗಾರೆ.. ಈ ವರ್ಸ ಮಳೆ?" ಅಲ್ಲಿಗೆ ನಿಲ್ಲಿಸಬೇಕು. ಕ್ರಿಯಾಪದ ಇಲ್ಲ. ಏಳನೇ ವಾರ ಅದು ಬಂತು. ಐದು ಸೆಕೆಂಡಿನ ಜೋಕಿಗೆ ಏಳು ವಾರ!

ಅವತ್ತು ಯಾರು ಏನಂದ್ರೋ ನೆನಪಿಲ್ಲ. ಆದ್ರೆ ಆ ಕೆಫೆಯಲ್ಲಿ ಟೇಬಲ್ ಒರೆಸೋ ರಾಯಚೂರಿನ ಕಡೆಯ ಹುಡುಗ ಒಬ್ಬನಿದ್ದಾನೆ. ಅವನು ಏಳೂ ವಾರ ಏಳೂ ವರ್ಷನ್ ಕೇಳಿದವನು, ಅವನಿಗೆ ಬೇರೆ ದಾರಿ ಇರಲಿಲ್ಲ ಪಾಪ. ಲೋಟ ಎತ್ತಿಕೊಳ್ತಾ "ಸರ್, ಇವತ್ ಕರೆಕ್ಟ್ ಬಂತ್ ನೋಡ್ರಿ" ಅಂದ. ನನ್ನ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಬಾಯಿಂದ ಇಂಥ ಮಾತು ಬಂದದ್ದು ನೆನಪಿಲ್ಲ.

ದೊಡ್ಡವರ ಕಥೆಯೂ ಬೇರೆ ಏನಲ್ಲ. 2002ರಲ್ಲಿ ಬಂದ 'ಕಮೀಡಿಯನ್' ಅನ್ನೋ ಸಾಕ್ಷ್ಯಚಿತ್ರ ನೋಡಿ. ಜೆರ್ರಿ ಸೈನ್‌ಫೆಲ್ಡ್ 1998ರಲ್ಲಿ ತನ್ನ ಟೀವಿ ಸೀರಿಯಲ್ ಮುಗಿಸಿ, ಅಲ್ಲಿವರೆಗಿನ ಹಳೇ ಜೋಕುಗಳನ್ನೆಲ್ಲ ಕೈಬಿಟ್ಟು ಸೊನ್ನೆಯಿಂದ ಶುರು ಮಾಡ್ತಾನೆ. ಅಮೆರಿಕಾದ ಅತಿ ಪ್ರಸಿದ್ಧ ಹಾಸ್ಯಗಾರ, ಹಣಕ್ಕೇನೂ ಕೊರತೆ ಇಲ್ಲ. ಆದ್ರೂ ಸಣ್ಣ ಕ್ಲಬ್ಬಿನಲ್ಲಿ ನಿಂತು ಮಧ್ಯದಲ್ಲಿ ಮುಂದಿನ ಮಾತು ಮರೆತು ಚೀಟಿ ನೋಡ್ತಾನೆ. ನಂಗೆ ಅದನ್ನ ನೋಡಿ ಆದ ಸಮಾಧಾನ ಅಷ್ಟಿಷ್ಟಲ್ಲ. ಸ್ಟೀವ್ ಮಾರ್ಟಿನ್ 2007ರಲ್ಲಿ ಬರೆದ ಆತ್ಮಕಥೆಯಲ್ಲಿ ಲೆಕ್ಕ ಕೊಡ್ತಾನೆ. ಒಟ್ಟು 18 ವರ್ಷ ಸ್ಟ್ಯಾಂಡ್ ಅಪ್. ಅದರಲ್ಲಿ 10 ವರ್ಷ ಕಲಿಯೋದಕ್ಕೆ, 4 ವರ್ಷ ತಿದ್ದೋದಕ್ಕೆ, ಕೊನೇ 4 ವರ್ಷ ಮಾತ್ರ ಯಶಸ್ಸು. ಆಮೇಲೆ 1981ರ ಹೊತ್ತಿಗೆ, ಸ್ಟೇಡಿಯಂಗಟ್ಟಲೆ ಜನ ಸೇರ್ತಿದ್ದಾಗಲೇ, ಸಾಕು ಅಂತ ಬಿಟ್ಟೇಬಿಟ್ಟ.

ಈ ಲೆಕ್ಕವನ್ನ ಅಪ್ಪನಿಗೆ ಹೇಳಿದೆ. ನಮ್ಮದು ತಿಪಟೂರು, ಕೊಬ್ಬರಿ ಸೀಮೆ. ತೆಂಗಿನಕಾಯಿ ಇಳಿಸಿ ಅಟ್ಟಕ್ಕೆ ಹಾಕಿದ್ರೆ ಹೆಚ್ಚೂ ಕಮ್ಮಿ ಒಂದು ವರ್ಷ ಮುಟ್ಟೋ ಹಾಗಿಲ್ಲ, ಒಳಗಿನ ನೀರು ಇಂಗಿ, ಅಲ್ಲಾಡಿಸಿದ್ರೆ ಗಡಗಡ ಅಂತ ಸದ್ದು ಬಂದಾಗಲೇ ಉಂಡೆ ಕೊಬ್ಬರಿ. ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹತ್ ವರ್ಸ ಅಟ್ಟದ ಮ್ಯಾಲಾ? ಅಷ್ಟೊತ್ತಿಗೆ ಇಲಿ ತಿಂದಿರ್ತವೆ ಬಿಡು" ಅಂದ್ರು. ನಮ್ಮ ಮನೆಯಲ್ಲಿ ನಿಜವಾದ ಕಾಮಿಡಿಯನ್ ಯಾರು ಅಂತ ನನಗೆ ಯಾವತ್ತಿನಿಂದಲೂ ಗೊತ್ತು.

ಆದ್ರೆ ಅಪ್ಪ ಹೇಳಿದ್ದೇ ಇಲ್ಲಿನ ಮೂಲ ಪ್ರಶ್ನೆ. ಇಲಿ ಅಂದ್ರೆ ಬಾಡಿಗೆ. ಅಟ್ಟದ ಮೇಲಿರೋ ಅಷ್ಟೂ ವರ್ಷ ಊಟಕ್ಕೇನು?

ರೂಮ್‌ಮೇಟ್ ಪಕ್ಕಾ ಇಂಜಿನಿಯರ್, ಎಲ್ಲವನ್ನೂ ಎಕ್ಸೆಲ್ ಶೀಟಿನಲ್ಲಿ ಬರೆದಿಟ್ಟಿದ್ದಾನೆ. ಅವನ ಅನುಮತಿ ಕೇಳಿಯೇ ಹೇಳ್ತಿದ್ದೀನಿ. ಎರಡು ವರ್ಷದ ಒಟ್ಟು ಆದಾಯ ಅವನ ಹಳೇ ಕೆಲಸದ ಐದು ತಿಂಗಳ ಸಂಬಳಕ್ಕೆ ಸಮ. ಓಪನ್ ಮೈಕಿನಲ್ಲಿ ಏನೂ ಸಿಗಲ್ಲ. ಕೆಲವು ಕಡೆ ನಾವೇ ಇಬ್ಬರು ಗೆಳೆಯರನ್ನ ಟಿಕೆಟ್ ತಗೊಳ್ಳಿಸಿ ಕರ್ಕೊಂಡು ಬಂದ್ರೆ ಮಾತ್ರ ಐದು ನಿಮಿಷ. ಟಿಕೆಟ್ ಶೋ ಅಂದ್ರೆ ಹಾಲ್ ಬಾಡಿಗೆ, ಆನ್‌ಲೈನ್ ಬುಕಿಂಗಿನವರ ಪಾಲು ಎಲ್ಲಾ ಕಳೆದು ನಾಲ್ಕು ಜನ ಹಂಚಿಕೊಂಡ್ರೆ ಕ್ಯಾಬ್ ಚಾರ್ಜಿಗೆ ಸರಿ ಹೋಗುತ್ತೆ. ಕಾಸು ಇರೋದು ಕಂಪೆನಿಗಳ ಕಾರ್ಯಕ್ರಮದಲ್ಲಿ. ಅಲ್ಲಿಗೆ ಹೋಗೋ ಮೊದಲು ಎಚ್‌ಆರ್‌ನಿಂದ ಒಂದು ಪಟ್ಟಿ ಬರುತ್ತೆ. ರಾಜಕೀಯ ಬೇಡ, ಧರ್ಮ ಬೇಡ, ಬಾಸ್ ಬೇಡ, ಲೇಆಫ್ ಬೇಡ, ಅಪ್ರೈಸಲ್ ಬೇಡ, ಆದ್ರೆ "ನಮ್ಮ ಆಫೀಸಿಗೆ ಸಂಬಂಧಪಟ್ಟ ಹಾಗೆ" ಇರಲಿ. ಒಂದು ಸಲ ಬಫೆ ಶುರುವಾದ ಮೇಲೆ ಇವನನ್ನ ಸ್ಟೇಜ್ ಹತ್ತಿಸಿದ್ರಂತೆ. ತಟ್ಟೆ ಚಮಚದ ಸದ್ದಿನ ಮಧ್ಯೆ ಇಪ್ಪತ್ತು ನಿಮಿಷ. ಒಬ್ಬರು ಪನೀರ್ ಹಾಕ್ಕೊಳ್ತಾ ಬೆನ್ನು ತಿರುಗಿಸಿಯೇ ನಕ್ಕರಂತೆ. ಅವರ ನಗು ಜೋಕಿಗೋ ಪನೀರಿಗೋ ಅನ್ನೋ ಅನುಮಾನ ಇವನಿಗೆ ಇನ್ನೂ ಇದೆ.

"ಶುರುವಿನಲ್ಲಿ ಹಂಗೇ, ನಿಮಗೆ ಎಕ್ಸ್‌ಪೋಷರ್ ಸಿಗುತ್ತಲ್ಲ" ಅನ್ನೋ ಮಾತು ಈ ಲೈನಿನಲ್ಲಿ ದಿನಾ ಕೇಳ್ತೀವಿ. ಇದು ನಮ್ಮೂರಿನ ಕಾಯಿಲೆಯಲ್ಲ. ಲಾಸ್ ಏಂಜಲಿಸ್‌ನ 'ಕಾಮಿಡಿ ಸ್ಟೋರ್' 1970ರ ದಶಕದಲ್ಲಿ ಅಮೆರಿಕಾದ ಹಾಸ್ಯಗಾರರ ಕಾಶಿ. ದಿನಾ ಜನ ದುಡ್ಡು ಕೊಟ್ಟು ಬರೋರು, ಸಾರಾಯಿ ಕೊಡೋನಿಗೆ ಸಂಬಳ, ಟೇಬಲ್ ಒರೆಸೋನಿಗೆ ಸಂಬಳ, ಸ್ಟೇಜ್ ಮೇಲೆ ನಗಿಸೋನಿಗೆ ಮಾತ್ರ ಸೊನ್ನೆ. ಇದು ನಿಮಗೆ ಕಾಲೇಜಿದ್ದ ಹಾಗೆ, ಕಲೀರಿ ಅನ್ನೋದು ಮಾಲಕಿ ಮಿಟ್ಜಿ ಶೋರ್ ವಾದ. 1979ರಲ್ಲಿ ಕಾಮಿಡಿಯನ್‌ಗಳು ಮುಷ್ಕರ ಹೂಡಿದ್ರು. ಡೇವಿಡ್ ಲೆಟರ್‌ಮನ್, ಜೇ ಲೆನೊ ಥರದವರು ಬಾಗಿಲ ಮುಂದೆ ನಿಂತು ಬೋರ್ಡು ಹಿಡಿದಿದ್ರು. ಸುಮಾರು ಆರು ವಾರದ ಹಗ್ಗಜಗ್ಗಾಟದ ಮೇಲೆ ಸಿಕ್ಕಿದ್ದು ಒಂದು ಸೆಟ್ಟಿಗೆ 25 ಡಾಲರ್. ದೊಡ್ಡ ಮೊತ್ತ ಅಲ್ಲ. ಆದ್ರೆ ಇದು ಕೆಲಸ, ಇದಕ್ಕೆ ಕೂಲಿ ಇದೆ ಅಂತ ಒಪ್ಪಿಸಿದ್ರಲ್ಲ, ಅದು ದೊಡ್ಡದು.

ಕನ್ನಡದ ವಿಷಯಕ್ಕೆ ಬಂದ್ರೆ ಇನ್ನೊಂದು ರಾಗ ಇದೆ. "ಕನ್ನಡದವರು ದುಡ್ಡು ಕೊಟ್ಟು ನಗಲ್ಲ ಗುರೂ, ಇಂಗ್ಲಿಷಿನಲ್ಲಿ ಮಾಡು." ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಹೊರಟು ಗೆದ್ದವರ ಉದಾಹರಣೆ ಅಂತ ಎಲ್ಲರೂ ಕೊಡೋದು ಕನನ್ ಗಿಲ್, ಬಿಸ್ವ ಕಲ್ಯಾಣ್ ರಥ್ ಅವರದ್ದು. ಇಬ್ಬರೂ ಇಂಜಿನಿಯರುಗಳೇ, 2013ರ ಸುಮಾರಿಗೆ ಸಿನಿಮಾ ಗೇಲಿ ಮಾಡೋ ವಿಡಿಯೋಗಳಿಂದ ಹೆಸರಾದವರು, 2017ರ ಹೊತ್ತಿಗೆ ಅಮೆಜಾನ್ ಪ್ರೈಮ್‌ನಲ್ಲಿ ಒಂದೊಂದು ಗಂಟೆಯ ಸ್ಪೆಷಲ್ ಮಾಡಿದವರು. ಒಬ್ಬರು ಇಂಗ್ಲಿಷ್, ಇನ್ನೊಬ್ಬರು ಹಿಂದಿ. ದೇಶ ಪೂರ್ತಿ ಮಾರ್ಕೆಟ್ಟು. ಒಪ್ಪಿದೆ.

ಆದ್ರೆ ಕನ್ನಡದವರು ಟಿಕೆಟ್ ತಗೊಂಡು ನಗಲ್ಲ ಅನ್ನೋದು ಶುದ್ಧ ಸುಳ್ಳು. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ'ಕ್ಕೆ ನಮ್ಮ ತಾತ ಎತ್ತಿನಗಾಡಿ ಕಟ್ಟಿಕೊಂಡು ಹೋಗಿ, ಸಾಲಿನಲ್ಲಿ ನಿಂತು ಟಿಕೆಟ್ ತಗೊಂಡು ನಕ್ಕು ಬಂದವರು. ಹಿರಣ್ಣಯ್ಯನವರು (2019ರಲ್ಲಿ ತೀರಿಕೊಂಡ್ರು) ನಾಟಕದ ಮಧ್ಯೆ ಕಥೆ ಬಿಟ್ಟು ಅವತ್ತಿನ ಪೇಪರಿನ ಸುದ್ದಿ ಹಿಡಿದು ಮಂತ್ರಿಗಳನ್ನ ಝಾಡಿಸ್ತಿದ್ರಲ್ಲ, ಅದು ಸ್ಟ್ಯಾಂಡ್ ಅಪ್ ಅಲ್ಲದೆ ಇನ್ನೇನು? ಹೆಸರು ಗೊತ್ತಿರಲಿಲ್ಲ ಅಷ್ಟೆ. ಈಚೆಗೆ ಗಂಗಾವತಿ ಪ್ರಾಣೇಶ್ ಒಂದು ಮೈಕ್ ಹಿಡ್ಕೊಂಡು ನಿಂತ್ರೆ ಎಷ್ಟು ಜನ ಸೇರ್ತಾರೆ ನೋಡಿದ್ದೀರಲ್ಲ. ಆದ್ರೆ ಗಣಪತಿ ಪೆಂಡಾಲಿನ ಹಾಸ್ಯ ಸಂಜೆಗೆ ದುಡ್ಡು ಕೊಡೋದು ಕಮಿಟಿಯವರು, ಜನಕ್ಕೆ ಫ್ರೀ. ಮುಂದಿನ ಸಾಲಿನಲ್ಲಿ ಅಜ್ಜಿ, ಮಡಿಲಲ್ಲಿ ಮೊಮ್ಮಗು. ಅಲ್ಲಿ ಹೇಳಬಹುದಾದ್ದು ಬೇರೆ. ಇಪ್ಪತ್ತೈದು ವರ್ಷದ ಹುಡುಗಿ ಪೀಜಿ ಓನರ್ ಬಗ್ಗೆ, ಬ್ರೇಕಪ್ ಬಗ್ಗೆ ಕನ್ನಡದಲ್ಲೇ ಮಾತಾಡೋಕೆ ಬೇರೆ ಕೋಣೆ ಬೇಕು. ಲೋಲ್‌ಬಾಗ್ ಥರದ ತಂಡದವರು ಬೆಂಗಳೂರಿನಲ್ಲಿ ಅಂಥ ಕೋಣೆಗಳನ್ನ ಕಟ್ಟಿದ್ದಾರೆ. ಇವರ ಶೋಗೆ ಟಿಕೆಟ್ ತಗೊಂಡು ಹೋದಾಗ ನನ್ನ ಪಕ್ಕದಲ್ಲಿ ಕೂತ ಮಧ್ಯವಯಸ್ಸಿನ ದಂಪತಿ, ಇದೇ ಮೊದಲ ಸಲ ಬಂದಿದ್ದೀವಿ, ಕನ್ನಡದಲ್ಲೂ ಇದೆ ಅಂತ ಗೊತ್ತೇ ಇರಲಿಲ್ಲ ಅಂದ್ರು.

ಒಂದು ತಕರಾರು ಮಾತ್ರ ನಮ್ಮವರ ಮೇಲೇ ಇದೆ. ಧಾರವಾಡದ ಕನ್ನಡ, ಮಂಗಳೂರು ಕನ್ನಡ ಮಾತಾಡಿದ್ರೆ ಸಾಕು ಬೆಂಗಳೂರಿನವರು ನಗ್ತಾರೆ ಅಂತ ಗೊತ್ತಾಗಿ, ಅದನ್ನೇ ಜೋಕ್ ಅಂತ ಮಾರೋದು. ಆ ರಾಯಚೂರಿನ ಹುಡುಗ ಟೇಬಲ್ ಒರೆಸ್ತಾ ಇಂಥ ಸೆಟ್ಟುಗಳನ್ನ ಕೇಳಿಸ್ಕೊಂಡು ಒಂದು ಸಲವೂ ನಕ್ಕದ್ದು ನೋಡಿಲ್ಲ. ಅವರಮ್ಮ ಮಾತಾಡೋ ಕನ್ನಡ ಅದು, ಅದರಲ್ಲಿ ನಗೋದೇನಿದೆ?

ಹೆದರಿಕೆಯ ಮಾತು ಬಿಡೋ ಹಾಗಿಲ್ಲ. 2021ರ ಜನವರಿ 1ರಂದು ಇಂದೋರಿನಲ್ಲಿ ಮುನಾವರ್ ಫಾರೂಕಿಯನ್ನ ಬಂಧಿಸಿ ತಿಂಗಳ ಮೇಲೆ ಜೈಲಿನಲ್ಲಿ ಇಟ್ಟಿದ್ರು. ಸುಪ್ರೀಂ ಕೋರ್ಟಿನಿಂದ ಜಾಮೀನು ಸಿಗಬೇಕಾಯ್ತು. ಅದೇ ವರ್ಷ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ಅವನ ಶೋ ರದ್ದಾಯ್ತು. 2025ರ ಮಾರ್ಚಿನಲ್ಲಿ ಕುನಾಲ್ ಕಾಮ್ರಾನ ವಿಡಿಯೋ ನೋಡಿ ಸಿಟ್ಟಾದವರು ಅದು ಚಿತ್ರೀಕರಣ ಆದ ಮುಂಬಯಿಯ ಹ್ಯಾಬಿಟ್ಯಾಟ್ ಸ್ಟುಡಿಯೋಗೆ ನುಗ್ಗಿ ಕುರ್ಚಿ ಮುರಿದ್ರು. ನಿಮಗೆ ಆ ಜೋಕುಗಳು ಇಷ್ಟವೋ ಇಲ್ಲವೋ ನಾನು ಕೇಳ್ತಿಲ್ಲ. ಆದ್ರೆ ಇದಾದ ಮೇಲೆ ಹದಿನಾಲ್ಕು ಜನರ ಮುಂದೆ ನಿಲ್ಲೋ ನನ್ನಂಥವನೂ ಒಂದು ವಾಕ್ಯ ಬರೆದು, ಯಾರಾದ್ರೂ ಮೊಬೈಲ್ ಎತ್ತಿಕೊಂಡಿದ್ದಾರಾ ಅಂತ ಯೋಚಿಸಿ, ಅಳಿಸ್ತಾನೆ. ಹಾಗೆ ಅಳಿಸಿದ್ದೆಲ್ಲ ಕೆಟ್ಟ ಜೋಕುಗಳೇ ಆಗಿದ್ವು ಅಂತ ನನಗೆ ನಾನೇ ಹೇಳ್ಕೊಳ್ತೀನಿ.

ಈಗ ಗ್ರೂಪಿನ ಮಹನೀಯರಿಗೆ ಬರ್ತೀನಿ. ಕೆಲಸಕ್ಕೆ ವಾಪಸ್ ಹೋದ್ರೆ ಸೋತ ಹಾಗೆ ಅಂತ ಯಾರು ಹೇಳಿದ್ದು? ಬೀಚಿಯವರು ಪೊಲೀಸ್ ಇಲಾಖೆಯ ನೌಕರಿ ಮಾಡ್ತಾನೇ ತಿಂಮನನ್ನ ಕೊಟ್ರು. 1942ರಲ್ಲಿ 'ಕೊರವಂಜಿ' ಶುರು ಮಾಡಿದ ರಾಶಿ ಡಾಕ್ಟರು. ರೋಗಿಗಳನ್ನ ನೋಡ್ಕೊಂಡೇ ಇಪ್ಪತ್ತೈದು ವರ್ಷ ನಗೆಪತ್ರಿಕೆ ನಡೆಸಿದ್ರು. ಇವರನ್ನ ಯಾರಾದ್ರೂ ಪಾರ್ಟ್ ಟೈಮ್ ಹಾಸ್ಯಗಾರರು ಅಂದಿದ್ದಾರಾ? ಇನ್ನೊಂದು ಕಡೆ ಕೈಲಾಸಂ. ನ್ಯಾಯಾಧೀಶರ ಮಗ, ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದು ಸಿಕ್ಕಿದ ಸರ್ಕಾರಿ ಕೆಲಸ ಬಿಟ್ಟು ನಾಟಕ ಅಂತ ಕೂತವರು. ಅವರ ಪ್ರಹಸನಗಳು ನಮಗೆ ಸಿಕ್ಕಿವೆ, ನಾವು ಪುಣ್ಯವಂತರು. ಆದ್ರೆ ಆ ನ್ಯಾಯಾಧೀಶ ಅಪ್ಪನ ಮನೆಯಲ್ಲಿ ಊಟದ ಹೊತ್ತಿಗೆ ಏನು ಮಾತು ನಡೀತಿತ್ತೋ ಅಂತ ನಾನು ಆಗಾಗ ಊಹೆ ಮಾಡ್ಕೊಳ್ತೀನಿ. ಕೆಲಸ ಬಿಟ್ಟವರ ಕಥೆ ಮಾತ್ರ ನಮಗೆ ರೋಚಕ, ಬಿಡದೆ ಮಾಡಿದವರದ್ದು ಕಥೆ ಅಂತಲೇ ಅನ್ಸಲ್ಲ.

ಇದನ್ನೆಲ್ಲ ಹೇಳಿದ ಮೇಲೂ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಆ ಎರಡು ವರ್ಷದಲ್ಲಿ ಅವನು ನನಗಿಂತ ಬಹಳ ಮುಂದೆ ಹೋದ. ಶುರುವಿನಲ್ಲಿ ಇಬ್ಬರೂ ಒಂದೇ ಮಟ್ಟದ ಕೆಟ್ಟವರು. ಈಗ ನನ್ನ ಹತ್ತಿರ ಗಟ್ಟಿ ಆರು ನಿಮಿಷ ಇದೆ, ಅವನ ಹತ್ತಿರ ನಲವತ್ತು. ವಾರಕ್ಕೆ ಐದು ರಾತ್ರಿ ಮೈಕ್ ಹಿಡಿಯೋನಿಗೂ ತಿಂಗಳಿಗೆ ಎರಡು ಸಲ ಹಿಡಿಯೋನಿಗೂ ಇರೋ ವ್ಯತ್ಯಾಸ ಅದು. ಸಂಬಳ ಇಟ್ಕೊಂಡೂ ಮಾಡಬಹುದು ಅಂತ ನಾನು ಹೇಳೋದು ಅರ್ಧ ಸತ್ಯ, ಅರ್ಧ ನನ್ನ ಪುಕ್ಕಲುತನಕ್ಕೆ ಹೊದಿಸಿದ ಶಾಲು. ಕಳೆದ ಡಿಸೆಂಬರಿನಲ್ಲಿ ತುಮಕೂರಿನ ಒಂದು ಸಣ್ಣ ಹಾಲ್‌ನಲ್ಲಿ ಅವನು ತನ್ನ ಅಮ್ಮನ ಬಗ್ಗೆ ಹನ್ನೆರಡು ನಿಮಿಷ ಮಾತಾಡಿದ. ಮಧ್ಯದಲ್ಲಿ ಜನ ನಗ್ತಾ ಇದ್ದದ್ದು ನಿಲ್ಲದೇ ಅವನು ಸುಮ್ಮನೆ ಸ್ಟೂಲ್ ಮೇಲೆ ಕೂತು ನೀರು ಕುಡಿದು ಕಾಯಬೇಕಾಯ್ತು. ಹಿಂದಿನ ಸಾಲಿನಲ್ಲಿ ಅವನಮ್ಮನೇ ಕೂತಿದ್ರು, ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು. ಬಸ್ಸಿನಲ್ಲಿ ವಾಪಸ್ ಬರ್ತಾ ಅವರು ಹೇಳಿದ್ದು ಇಷ್ಟೇ, "ಆ ಕುಕ್ಕರ್ ವಿಷಯ ಮೂರು ವಿಶಲ್ ಅಲ್ಲ ಕಣೋ, ನಾಲ್ಕು." ಅವನು ಅದನ್ನ ನೋಟ್ ಮಾಡ್ಕೊಂಡ. ನಾಲ್ಕು ಅಂದಾಗ ಇನ್ನೂ ಚೆನ್ನಾಗಿ ಬರುತ್ತೆ, ನಾನು ಕೇಳಿದ್ದೀನಿ.

ಸೋಮವಾರದಿಂದ ಬೆಳಿಗ್ಗೆ ಎಂಟಕ್ಕೆ ಕ್ಯಾಬ್. ಗುರುವಾರದ ಓಪನ್ ಮೈಕಿಗೆ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬರೋದು ತಡ ಆಗುತ್ತೆ ಅಂತ ಕೊನೇ ಸ್ಲಾಟ್ ಕೇಳಿದ್ದಾನೆ. ಹೊಸ ಐಡಿ ಕಾರ್ಡಿನ ಫೋಟೋ ಬಗ್ಗೆ ಐದು ನಿಮಿಷ ಬರೆದಿದ್ದಾನಂತೆ, ನನಗೂ ಹೇಳಿಲ್ಲ. ಆ ಕಡೆ ಇರೋರು ಬನ್ನಿ. ಟಿಕೆಟ್ 149 ರೂಪಾಯಿ, ಕಾಫಿ ಸೇರಿ. ದಯವಿಟ್ಟು ಮುಂದಿನ ಸಾಲಿನಲ್ಲಿ ಕೂತ್ಕೊಳ್ಳಿ.